ಹದಿನಾಲ್ಕನೇ ನಂಬರಿನ ಚುಕ್ಕೆ

ಮೋಡ ಅಂದ್ನಲ್ಲಮ್ಮ, ಮೋಡ! ಎಷ್ಟು ಸಲ ಹೇಳ್ಬೇಕು? ಲಾಗ್‌ಬುಕ್ಕಲ್ಲಿ ಬರೆದಿದೀನಲ್ಲ, ನೀನೇ ನೋಡು. ಹೋದ ಗುರುವಾರ, ರಾತ್ರಿ ಒಂದೂ ನಲವತ್ತರಿಂದ ಮೂರೂ ಹತ್ತರ ತನಕ, ಮೋಡ. ನನ್ನದೇ ಕೈಬರಹ. ಸ್ವಲ್ಪ ಸೊಟ್ಟಗಿದೆ, ಗೆರೆ ಬಿಟ್ಟು ಕೆಳಗಿಳಿದಿದೆ, ಇರ್ಲಿ... ಪೆನ್ನು ಸರಿ ಇರ್ಲಿಲ್ಲ. ಪೆನ್ನು ಸರಿ ಇಲ್ದಿದ್ರೆ ಅಕ್ಷರ ಯಾಕೆ ಕೆಳಗಿಳಿಯುತ್ತೆ ಅಂತ ಕೇಳ್ಬೇಡ. ಇಳಿಯುತ್ತೆ.

ಮೂರು ಗಂಟೆ ಬಸ್ಸಲ್ಲಿ ಕೂತು, ಹೇಳದೆ ಕೇಳದೆ ಬೆಟ್ಟ ಹತ್ತಿ ಬಂದು, ಬಾಗಿಲಲ್ಲೇ ನಿಂತು, ಮೋಡ ಎಲ್ಲಿಂದ ಬಂತು ಅಂತೀಯಲ್ಲ! ಪಿಎಚ್‌ಡಿ ಮಾಡ್ತಿರೋಳು ನೀನು. ನಾನು ಬರೀ ಟೆಲಿಸ್ಕೋಪ್ ಆಪರೇಟರು. ಮೋಡ ಎಲ್ಲಿಂದ ಬರುತ್ತೆ ಅಂತ ನೀನು ನಂಗೆ ಹೇಳ್ಬೇಕಪ್ಪ.

ಬಾ, ಒಳಗೆ ಬಾ. ಕೂತ್ಕೋ... ಅದ್ರಲ್ಲಲ್ಲ! ಅದು ನನ್ನ ಕುರ್ಚಿ. ಇಪ್ಪತ್ತೇಳು ವರ್ಷದಿಂದ ಆ ಕುರ್ಚೀಲಿ ಇನ್ನೊಬ್ರು ಕೂತಿಲ್ಲ. ಡೈರೆಕ್ಟರು ಒಂದ್ಸಲ ಕೂತ್ಕೊಳ್ಳೋಕೆ ಬಂದ್ರು, ಒಂದು ಕಾಲು ಅಲ್ಲಾಡುತ್ತೆ ಸರ್ ಅಂದೆ. ಎದ್ದು ಹೋದ್ರು. ಕಾಲೇನೂ ಅಲ್ಲಾಡಲ್ಲ. ಯಾಕೆ ನಗ್ತೀಯಾ? ನಗು ನಗು. ನೀನು ನಕ್ರೆ ಈ ರೂಮಿಗೆ ಒಂದು ಕಳೆ. ಹಗಲು ಹೊತ್ತಲ್ಲಿ ಇದೊಂದು ಹೆಣದ ಕೊಠಡಿ ಇದ್ದ ಹಾಗೆ, ಕಿಟಕಿಗೆಲ್ಲ ಕಪ್ಪು ಪರದೆ, ಮಷಿನ್ನೆಲ್ಲ ಆಫ್, ಗೋಡೆ ಮೇಲೆ ಮೂರು ಗಡಿಯಾರ, ಮೂರೂ ಬೇರೆ ಬೇರೆ ಟೈಮು.

ಗಡಿಯಾರ ಅಂದಾಗ ನೆನಪಾಯ್ತು. ಅವನೇ ಹೇಳಿದ್ದು ತಾನೆ ನಿಂಗೆ? ಆಚೆ ಸಣ್ಣ ಗುಮ್ಮಟದ ಆಪರೇಟರು. ಅವನಿಗೆ ಗಡಿಯಾರ ಅಂತ ಹೆಸರಿಟ್ಟಿದ್ದೇ ನಾನು. ಎಂಟಕ್ಕೆ ಬಾಗಿಲು ತೆಗೀತಾನೆ, ಎಂಟೂ ಐದಕ್ಕೆ ಆಕಳಿಸ್ತಾನೆ. ಅವನ ಲಾಗ್‌ಬುಕ್ಕಲ್ಲಿ ಗುರುವಾರ ಇಡೀ ರಾತ್ರಿ ಆಕಾಶ ಸ್ವಚ್ಛ ಅಂತ ಬರೆದಿದೆ, ಅಲ್ವಾ? ಗೊತ್ತು. ಸ್ವಚ್ಛ ಇದ್ದಿರಬಹುದು. ಅವನ ಆಕಾಶ ಬೇರೆ, ನಮ್ಮ ಆಕಾಶ ಬೇರೆ. ಮುನ್ನೂರು ಅಡಿ ದೂರ ಇದೆ ಅವನ ಗುಮ್ಮಟ, ಕಡಿಮೆ ಅಂದ್ಕೊಂಡ್ಯಾ? ಮೋಡ ನಮ್ಮ ಮೇಲಿತ್ತು, ಅವನ ಮೇಲಿರ್ಲಿಲ್ಲ. ಆಗುತ್ತೆ ಹಾಗೆ.

ಏನಂದೆ? ಹನ್ನೊಂದನೇ ನಂಬರಿನ ನಕ್ಷತ್ರ ಒಂದೂವರೆಗೆ ಸಿಕ್ಕಿದೆ, ಹತ್ತೊಂಬತ್ತು ಮೂರೂ ಕಾಲಿಗೆ ಸಿಕ್ಕಿದೆ, ಮಧ್ಯದಲ್ಲಿ ಹದಿನಾಲ್ಕಕ್ಕೆ ಮಾತ್ರ ಮೋಡನಾ ಅಂತಾನಾ?... ಹೂಂ. ಹದಿನಾಲ್ಕು ಬಂದಾಗ ಬಂತು, ಹದಿನಾಲ್ಕು ಮುಗಿದಾಗ ಹೋಯ್ತು. ಮೋಡಕ್ಕೇನು ಗೊತ್ತು ನಿನ್ನ ಪಟ್ಟಿ?

ಟೀ ಕುಡಿ ಮೊದಲು. ಬಿಸಿಲಲ್ಲಿ ಬಂದಿದೀಯಾ. ಫ್ಲಾಸ್ಕಲ್ಲಿದೆ, ನಮ್ಮನೆಯವಳು ಕೊಟ್ಟಿದ್ದು. ಇರು, ನಾನೇ ಬಗ್ಗಿಸ್ತೀನಿ, ನೀನು ಏಳ್ಬೇಡ... ಆಂ... ಆಯ್ತು. ತಗೋ. ಯಾಕೆ ಹಾಗೆ ನೋಡ್ತೀಯಾ? ಬೆರಳು ಲೋಟದೊಳಗೆ ಇಟ್ಟಿದ್ದಕ್ಕಾ? ಬಿಸಿ ನೋಡಿದೆ ಕಣಮ್ಮ. ಬೆರಳು ಸುಟ್ರೆ ಟೀ ಚೆನ್ನಾಗಿದೆ ಅಂತ ಲೆಕ್ಕ. ಸುಡ್ತು. ಕುಡಿ. ಬೇಕಾದ್ರೆ ಇನ್ನೊಂದು ಲೋಟ ಕೊಡ್ತೀನಿ, ಬೆರಳಿಲ್ಲದ್ದು.

ನೋಡು, ನೀನು ಬಂದಿದ್ದು ಒಳ್ಳೇದಾಯ್ತು. ನಂಗೂ ಒಂದು ಮಾತು ಹೇಳೋದಿತ್ತು. ನಿನ್ನ ಥೀಸಿಸ್ ಓದಿದೆ. ಸೋಮವಾರ ಕೊಡ್ತೀಯಂತಲ್ಲ, ಪ್ರತಿ ಕಳಿಸಿದ್ಯಲ್ಲ, ಓದಿದೆ. ಓದಿದೆ ಅಂದ್ರೆ, ನಮ್ಮನೆಯವಳು ಓದಿ ಹೇಳಿದ್ಲು, ಕನ್ನಡಕ ಮನೇಲಿ ಮರೆತಿದ್ದೆ... ಹೌದು, ಓದಿದ್ದು ಮನೇಲೇ. ಹಾಗಾದ್ರೆ ಆಫೀಸಲ್ಲಿ ಮರೆತಿದ್ದೆ. ಎಲ್ಲೋ ಒಂದು ಕಡೆ ಮರೆತಿದ್ದೆ! ಮೊದಲನೇ ಪುಟದಲ್ಲಿ ಕೃತಜ್ಞತೆ ಹೇಳಿದೀಯಲ್ಲ, ನಿಮ್ಮ ಗೈಡಿಗೆ, ನಿಮ್ಮಮ್ಮಂಗೆ, ಆಮೇಲೆ ನಂಗೆ. ‘ಹದ್ದಣ್ಣನ ಕಣ್ಣುಗಳಿಲ್ಲದಿದ್ದರೆ ಈ ಕೆಲಸ ಇಲ್ಲ’ ಅಂತ. ನಮ್ಮನೆಯವಳು ಆ ಸಾಲು ಎರಡು ಸಲ ಓದಿದ್ಲು. ಆಮೇಲೆ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದ್ಲು.

ಆ ಸಾಲು ತೆಗೆದುಬಿಡಮ್ಮ. ಯಾಕೆ ಅಂದ್ರೆ... ಯಾಕೆ ಅಂತ ಬೇರೆ ಹೇಳ್ಬೇಕಾ? ಸಂಬಳ ತಗೊಂಡು ಮಾಡೋ ಕೆಲಸಕ್ಕೆ ಯಾರಾದ್ರೂ ಕೃತಜ್ಞತೆ ಹೇಳ್ತಾರಾ? ಬಸ್ ಡ್ರೈವರಿಗೆ ಹೇಳಿದ್ಯಾ ಇವತ್ತು? ಹೇಳಿದ್ಯಾ! ಸರಿ, ನಿನ್ನ ಹತ್ರ ಮಾತಾಡಿ ಗೆಲ್ಲೋಕಾಗಲ್ಲ.

ನೀನು ಮೊದಲು ಇಲ್ಲಿಗೆ ಬಂದಿದ್ದು ನೆನಪಿದೆಯಾ? ಐದು ವರ್ಷ ಆಯ್ತು. ನಾನು ಏನ್ರೀ ಮೇಡಂ, ಬನ್ರೀ ಮೇಡಂ ಅಂತಿದ್ದೆ. ಮೂರನೇ ದಿನ ನೀನೇ ಅಂದೆ, ಹದ್ದಣ್ಣ, ಮೇಡಂ ಅನ್ಬೇಡಿ, ನಂಗೆ ನಮ್ಮ ಸ್ಕೂಲಿನ ಟೀಚರ್ ನೆನಪಾಗ್ತಾರೆ ಅಂತ. ಕೈಯಲ್ಲಿ ಪಟ್ಟಿ. ಇಪ್ಪತ್ತೆರಡು ನಂಬರು. ‘ಶಂಕಿತ’ ಅಂತ ಮೇಲೆ ದಪ್ಪಗೆ ಬರೆದಿತ್ತು. ನಾನಂದೆ, ಇದೇನಮ್ಮ, ಪೊಲೀಸ್ ಸ್ಟೇಷನ್ನಿಂದ ತಂದ್ಯಾ ಅಂತ.

ಆಮೇಲೆ ಕೂರಿಸ್ಕೊಂಡು ಹೇಳ್ದೆ ನಂಗೆ. ಅಲ್ಲೀವರೆಗೂ ನಾನು ನೂರಾರು ಜನಕ್ಕೆ ನಕ್ಷತ್ರ ಹಿಡಿದುಕೊಟ್ಟಿದೀನಿ, ಒಬ್ಬರೂ ಇದು ಏನು ಅಂತ ಹೇಳಿರ್ಲಿಲ್ಲ. ಇಂಥ ಜಾಗ, ಇಷ್ಟು ನಿಮಿಷ, ಥ್ಯಾಂಕ್ಸ್, ಮುಗೀತು. ನೀನು ಹೇಳ್ದೆ. ಪಕ್ಕದ ಗ್ಯಾಲಕ್ಸಿಯವು ಇವು, ನಮ್ಮದಲ್ಲ. ಅಲ್ಲಿಂದ ಬೆಳಕು ಹೊರಟು ಎರಡು ಲಕ್ಷ ವರ್ಷ ಆಗಿದೆ. ನೋಡೋಕೆ ಒಂದು ಚುಕ್ಕೆ, ಒಳಗೆ ಎರಡು. ಒಂದು ಕೆಂಪಗೆ ಊದಿಕೊಂಡಿರೋ ಮುದುಕ ನಕ್ಷತ್ರ. ಇನ್ನೊಂದು ಪುಟಾಣಿ, ಬೆಳ್ಳಗೆ, ಸುಡು ಸುಡು ಅನ್ನುತ್ತೆ. ಆ ಮುದುಕ ಉಸಿರು ಬಿಟ್ಟಾಗ ಹೊರಗೆ ಬರೋ ಗಾಳೀನ ಈ ಪುಟಾಣಿ ಎಳ್ಕೊಂಡು ತಿನ್ನುತ್ತೆ. ತಿಂದು ಉರಿಯುತ್ತೆ. ಎಷ್ಟು ದೊಡ್ಡ ಟೆಲಿಸ್ಕೋಪ್ ತಂದಿಟ್ರೂ ಎರಡೂ ಬಿಡಿಬಿಡಿಯಾಗಿ ಕಾಣಲ್ಲ. ಬೆಳಕನ್ನ ಬಿಡಿಸಿ ಗ್ರಾಫ್ ತೆಗೀಬೇಕು. ಮುದುಕ ಒಬ್ಬನೇ ಇದ್ರೆ ಗ್ರಾಫಲ್ಲಿ ಬರೀ ಗುಡ್ಡ, ತಗ್ಗು, ಗುಡ್ಡ, ತಗ್ಗು. ಪುಟಾಣೀನೂ ಇದ್ರೆ ಗುಡ್ಡದ ಮೇಲೆ ಸೂಜಿ ನಿಲ್ಲಿಸಿದ ಹಾಗೆ ಗೆರೆ ಏಳುತ್ತೆ. ಗೆರೆ ಎದ್ರೆ ಜೋಡಿ, ಏಳದಿದ್ರೆ ಒಂಟಿ. ಸರಿಯಾಗಿ ಹೇಳ್ದೆ ತಾನೆ? ಐದು ವರ್ಷ ಆದ್ಮೇಲೂ ಒಂದಕ್ಷರ ಮರೆತಿಲ್ಲ.

ಮತ್ತೆ ಆ ಹದಿನಾಲ್ಕು! ಅಬ್ಬಾ, ಎಂಥ ಜಾಗದಲ್ಲಿ ಕೂತಿದೆ ಅದು. ಬೇರೆಯವಕ್ಕೆಲ್ಲ ಟೆಲಿಸ್ಕೋಪ್ ತಾನೇ ತಿರುಗಿ ಹೋಗಿ ನಿಲ್ಲುತ್ತೆ, ಸುತ್ತ ಯಾರೂ ಇಲ್ಲ, ಕಣ್ಣು ಮುಚ್ಕೊಂಡು ಹಿಡೀಬಹುದು. ಹ್ಞಾಂ, ಮಾತಿಗೆ ಹೇಳ್ದೆ. ಹದಿನಾಲ್ಕು ಹಾಗಲ್ಲ. ಸ್ಕ್ರೀನಲ್ಲಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ. ನಿನ್ನ ಚಾರ್ಟ್ ಪಕ್ಕ ಇಟ್ಕೊಂಡು, ಯಾವುದು ಅಂತ ಕಣ್ಣಲ್ಲೇ ಆರಿಸಿ, ಕೂದಲೆಳೆ ಅಗಲದ ಸಂದಿ ಇದೆಯಲ್ಲ, ಸ್ಲಿಟ್ಟು, ಅದರೊಳಗೆ ತಳ್ಳಬೇಕು. ಒಂಚೂರು ಆಚೀಚೆ ಆದ್ರೆ ಪಕ್ಕದ ಮನೆಯವರ ಬೆಳಕು ಬರುತ್ತೆ. ಅವತ್ತು ನಿಮ್ಮ ಗೈಡೂ ಇದ್ರು. ಅವರು ನೋಡಿ ಇಲ್ಲ ಅಂದ್ರು. ನೀನು ನೋಡಿ ಇಲ್ಲ ಅಂದೆ. ನಾನಂದೆ, ನೇರ ನೋಡ್ಬೇಡಿ. ಮಸುಕಾಗಿರೋದನ್ನ ನೇರ ನೋಡಿದ್ರೆ ಮಾಯ ಆಗುತ್ತೆ, ಸ್ವಲ್ಪ ಪಕ್ಕಕ್ಕೆ ನೋಡಿ, ಓರೆಗಣ್ಣಲ್ಲಿ ನೋಡಿ. ನೀನು ಪಕ್ಕಕ್ಕೆ ನೋಡ್ದೆ. ಹದ್ದಣ್ಣಾ, ಇದೆ! ಅಂತ ಕಿರುಚಿದೆ. ಕ್ಯಾಂಟೀನಿನ ನಾಯಿ ಎದ್ದು ಬೊಗಳ್ತು.

ಅವತ್ತೇ ಗೆರೆ ಎದ್ದಿದ್ದು. ಒಂದಲ್ಲ, ಐದು. ಸೂಜಿ ಥರ, ನೆಟ್ಟಗೆ. ನೀನು ಅತ್ತೆ. ನಾನು ಆಚೆ ಹೋಗಿ ಬೀಡಿ ಸೇದಿದೆ. ನಾನು ಬೀಡಿ ಬಿಟ್ಟು ಆರು ವರ್ಷ ಆಗಿತ್ತು ಆಗ, ಆ ಗಡಿಯಾರನ ಹತ್ರ ಇಸ್ಕೊಂಡು ಸೇದಿದೆ. ಜೀವಮಾನದಲ್ಲೇ ನಂಗೆ ಅಷ್ಟು ಖುಷಿ ಆಗಿದ್ದು ಅವತ್ತೊಂದೇ ಸಲ ಕಣಮ್ಮ. ನನ್ನ ಮದುವೇಲಿ ಕೂಡ ಇಲ್ಲ, ಇದನ್ನ ನಮ್ಮನೆಯವಳ ಹತ್ರ ಹೇಳ್ಬೇಡ.

ಯಾಕೆ ಕಿವಿ ಮುಟ್ಕೋತೀಯಾ? ನಾನು ನಿನ್ನ ಕಿವೀನ ನೋಡ್ತಿದೀನಾ? ಇಲ್ವಲ್ಲ. ಓಲೆ ಚೆನ್ನಾಗಿದೆ ಅಂತ... ಹಾಕಿಲ್ವಾ? ಹಾಕ್ಕೋಬೇಕಮ್ಮ, ಹೆಣ್ಣುಮಕ್ಕಳು ಬೋಳು ಕಿವೀಲಿ ಇರಬಾರದು. ನಮ್ಮನೆಯವಳೂ ಇದೇ ಹೇಳ್ತಾಳೆ, ನೀವು ಯಾರ ಹತ್ರ ಮಾತಾಡ್ತಿದ್ರೂ ಅವರ ಪಕ್ಕದಲ್ಲಿರೋರ ಹತ್ರ ಮಾತಾಡಿದ ಹಾಗಿರುತ್ತೆ ಅಂತ. ಅಭ್ಯಾಸ. ಇಪ್ಪತ್ತೇಳು ವರ್ಷ ಓರೆಗಣ್ಣಲ್ಲಿ ನೋಡಿ ನೋಡಿ ಕತ್ತು ಹಾಗೇ ನಿಂತುಹೋಗಿದೆ. ಬಡಗಿಗೆ ಕೈ ದಪ್ಪ ಆಗುತ್ತೆ, ಅಕ್ಕಸಾಲಿಗೆ ಬೆನ್ನು ಬಾಗುತ್ತೆ, ನಮಗೆ ಇದು.

ಅಯ್ಯೋ, ನನ್ನ ಕಣ್ಣಿಗೇನೂ ಆಗಿಲ್ಲ. ವರ್ಷಾ ವರ್ಷಾ ಪರೀಕ್ಷೆ ಮಾಡ್ತಾರಲ್ಲ ಆಫೀಸಲ್ಲಿ. ಮಾರ್ಚಲ್ಲಿ ಆಯ್ತು. ಆ ಅಕ್ಷರದ ಬೋರ್ಡು, ಮೇಲಿಂದ ಕೆಳಗಿನವರೆಗೆ, ಕಟ್ಟಕಡೆ ಸಾಲು ಸಮೇತ, ನೀರು ಕುಡಿದ ಹಾಗೆ ಹೇಳ್ದೆ. ನಂಗೆ ಬಾಯಿಪಾಠ ಅದು... ಬಾಯಿಪಾಠ ಅಂದ್ರೆ, ಅಷ್ಟು ಸಲೀಸು ಅಂತ. ಡಾಕ್ಟರಿಗೇ ಆಶ್ಚರ್ಯ. ಈ ವಯಸ್ಸಲ್ಲಿ ಹೀಗೆ ಹೇಳೋರನ್ನ ನೋಡೇ ಇಲ್ಲ ಅಂದ್ರು. ಇನ್ನು ಹನ್ನೊಂದು ತಿಂಗಳು ನಂದು. ಹನ್ನೊಂದು ತಿಂಗಳು ಈ ಕುರ್ಚೀಲಿ ಕೂತು, ಒಂದು ಹಾರ ಹಾಕಿಸ್ಕೊಂಡು, ಬೆಟ್ಟ ಇಳಿದುಬಿಡ್ತೀನಿ. ಯಾವನೂ ಹದ್ದಿಗೆ ವಯಸ್ಸಾಯ್ತು ಅನ್ನಬಾರದು. ಅಷ್ಟೇ ನಂಗೆ ಬೇಕಿರೋದು. ಅಷ್ಟೂ ಆಸೆ ಇರಬಾರದಾ?

ಏನು? ಸ್ಲಿಟ್ ಫೋಟೋನಾ? ಯಾವ ಸ್ಲಿಟ್ ಫೋಟೋ?

ಓ, ಅದು. ಹದಿನಾಲ್ಕರದ್ದು. ಪ್ರತಿ ಸಲ ನಕ್ಷತ್ರ ಸಂದಿಗೆ ಹಾಕಿದ್ಮೇಲೆ ಒಂದು ಫೋಟೋ ಉಳಿಸ್ಬೇಕು, ನಿಯಮ. ಉಳಿಸ್ತೀನಲ್ಲ. ಹೋದ ವರ್ಷ ಇಲ್ವಾ? ಅದರ ಹಿಂದಿನ ವರ್ಷವೂ ಇಲ್ವಾ? ಡಿಸ್ಕ್ ತುಂಬಿರಬೇಕು. ಬೇರೆ ಇಪ್ಪತ್ತೊಂದಕ್ಕೂ ಇದೆ, ಅದಕ್ಕೆ ಮಾತ್ರ ಇಲ್ಲ ಅಂದ್ರೆ... ಹದಿನಾಲ್ಕು ಬಂದಾಗ ತುಂಬಿರಬೇಕು. ಮೋಡದ ಥರ ಅಂತ ಅನ್ಬೇಡ. ನೀನು ತುಂಬಾ ಜಾಣೆ, ಅದು ನಂಗೆ ಗೊತ್ತು.

ನಿನ್ನ ಐದನೇ ಅಧ್ಯಾಯ ತುಂಬಾ ಚೆನ್ನಾಗಿದೆ ಅಂದ್ಲು ನಮ್ಮನೆಯವಳು. ‘ಮೌನವಾದ ಜೋಡಿ’. ಎರಡು ವರ್ಷದಿಂದ ಹದಿನಾಲ್ಕರಲ್ಲಿ ಗೆರೆ ಏಳ್ತಿಲ್ಲ, ಬರೀ ಗುಡ್ಡ ತಗ್ಗು, ಅಂದ್ರೆ ಪುಟಾಣಿ ತಿನ್ನೋದು ನಿಲ್ಲಿಸಿದೆ, ಉರಿ ಆರಿದೆ ಅಂತ. ಇಷ್ಟು ಬೇಗ ಆರಿದ್ದನ್ನ ಯಾರೂ ನೋಡಿಲ್ಲ ಅಂತ ಬರೆದಿದೀಯಾ. ದೂರದ ಊರಿಗೆ ಕರೆದಿದಾರಂತಲ್ಲ ಅದರ ಬಗ್ಗೆ ಮಾತಾಡೋಕೆ? ಅಲ್ಲೇ ಕೆಲಸಾನೂ ಕೊಡ್ತಾರಂತೆ. ಅಷ್ಟು ದೊಡ್ಡ ಜನರೆಲ್ಲ ಕೂತಿರ್ತಾರೆ, ನೀನು ಹೋಗಿ ನಿಂತು, ಹದಿನಾಲ್ಕನೇ ನಂಬರು ಆರಿತು ಅಂತೀಯಾ. ಅವರು ಚಪ್ಪಾಳೆ ತಟ್ತಾರೆ. ಆಮೇಲೆ ಅವರಲ್ಲಿ ಒಬ್ಬ ತನ್ನೂರಿನ ಟೆಲಿಸ್ಕೋಪನ್ನ ಅತ್ತ ತಿರುಗಿಸ್ತಾನೆ... ತಿರುಗಿಸ್ತಾರೆ ಅಲ್ವಾ? ತಿರುಗಿಸ್ದೆ ಇರ್ತಾರಾ ಎಲ್ಲಾದ್ರೂ.

ಟೀ ಆರುತ್ತೆ, ಕುಡಿ.

ಯಾಕಮ್ಮ ಸುಮ್ಮನಾದೆ? ಮಾತಾಡು. ಜಗಳ ಆಡ್ಬೇಕಂದ್ರೂ ಆಡು, ನಂಗೇನೂ ಬೇಜಾರಿಲ್ಲ. ನೀನು ಸುಮ್ಮನೆ ಕೂತ್ರೆ ಮಾತ್ರ ಆಗಲ್ಲ ನಂಗೆ. ನಮ್ಮನೆಯವಳೂ ಹೀಗೇ, ಸಿಟ್ಟು ಬಂದ್ರೆ ಬಾಯಿ ಮುಚ್ಕೋತಾಳೆ. ಸಿಟ್ಟಾ, ಅಳ್ತಿದಾಳಾ, ನಗ್ತಿದಾಳಾ, ಒಂದೂ ಗೊತ್ತಾಗಲ್ಲ. ಲೇ, ಮಾತಾಡೇ, ಬೈಯೇ ಅಂತೀನಿ. ಈಗ ಹೊಲಿಗೆ ಮಿಷನ್ನಿಗೆ ದಾರ ಪೋಣಿಸೋಕೂ ಕರೆಯಲ್ಲ ನನ್ನ. ಮೂವತ್ತು ವರ್ಷ ಪೋಣಿಸಿದ್ದು ನಾನು! ಅವಳಿಗೆ ಮೊದಲಿಂದಲೂ ಆಗ್ತಿರ್ಲಿಲ್ಲ, ಅಡುಗೆಮನೆಯಿಂದ ಬನ್ರೀ ಹದ್ದೇ ಅಂತ ಕೂಗೋಳು, ನಾನು ಹೋಗಿ ಒಂದೇ ಏಟಿಗೆ ಪೋಣಿಸಿ ಮೀಸೆ ತಿರುವೋನು. ಈಗ ಎದುರುಮನೆ ಹುಡುಗೀನ ಕರೀತಾಳೆ. ನಾನು ಪೇಪರ್ ಓದ್ತಿರ್ತೀನಿ. ಓದ್ತಿರ್ತೀನಿ ಅಂದ್ರೆ, ಕೈಯಲ್ಲಿರುತ್ತೆ.

ಇಲ್ಲೇ ಇದೀಯಲ್ಲ ನೀನು?

ಇದೀಯಾ. ಕುರ್ಚಿ ಕಿರ್ ಅಂತು.

ಏನದು ಸದ್ದು? ಕೊಳವೆ ಬಿಚ್ತಿದೀಯಾ? ಚಾರ್ಟಾ? ಹದಿನಾಲ್ಕರದ್ದು ತಾನೆ? ಅಷ್ಟು ದೂರದಿಂದ ಅದನ್ನ ಹೊತ್ಕೊಂಡು ಬಂದ್ಯಾ! ನನ್ನ ಹತ್ರ ಇತ್ತಲ್ಲ, ಡ್ರಾಯರಲ್ಲಿ. ಕೊಡು ಇಲ್ಲಿ. ತೋರಿಸ್ಬೇಕಾ? ಯಾವ ಚುಕ್ಕೆ ಹಿಡಿದೆ ಅಂತ ತೋರಿಸ್ಬೇಕು, ಅಷ್ಟೇ ತಾನೆ? ಅದಕ್ಕೆ ಇಷ್ಟು ದೂರ ಬಂದ್ಯಾ ಹುಚ್ಚಿ? ಫೋನಲ್ಲೇ ಹೇಳ್ತಿದ್ದೆ. ತಗೋ, ಮೇಜಿನ ಮೇಲೆ ಹಾಸ್ತೀನಿ. ಸುರುಳಿ ಸುತ್ಕೋತಿದೆ, ಆ ಲೋಟ ಇಡು ಮೂಲೆಗೆ... ಹಾಂ.

ನೋಡ್ಕೋ. ಇಲ್ಲಿ ಮೂರು ದೊಡ್ಡ ಚುಕ್ಕೆ, ತ್ರಿಕೋನ. ಸರಿನಾ? ತ್ರಿಕೋನದ ತುದಿಯಿಂದ ಕೆಳಗೆ ಬಾ. ಇಲ್ಲಿ ನಾಲ್ಕು ಸಣ್ಣವು, ಸೌಟಿನ ಹಿಡಿ ಥರ ಬಗ್ಗಿದೆ. ಆ ಹಿಡಿಯ ಕೊನೆಯಿಂದ ಬಲಕ್ಕೆ ಎರಡು ಬೆರಳು... ಇಗೋ. ಹದಿನಾಲ್ಕು. ನೀನು ಕೆಂಪು ಇಂಕಲ್ಲಿ ಸುತ್ತು ಹಾಕಿದೀಯಲ್ಲ, ಅದರ ಮಧ್ಯೆ. ನನ್ನ ಬೆರಳ ಕೆಳಗೇ ಇದೆ ನೋಡು. ಸಮಾಧಾನ ಆಯ್ತಾ? ಐದು ವರ್ಷ ಹಿಡಿದಿರೋ ಚುಕ್ಕೆ ಕಣಮ್ಮ ಇದು. ನಿದ್ದೇಲೆಬ್ಬಿಸಿ ಕೇಳಿದ್ರೂ ತೋರಿಸ್ತೀನಿ.

ಹೂಂ ಅನ್ನು.

ಹೂಂ ಅನ್ನೇ.

ಯಾಕೆ ಕೈ ಇಡ್ತೀಯಾ ನನ್ನ ಕೈ ಮೇಲೆ?... ಏನಾಯ್ತು? ತಪ್ಪಾ? ಒಂಚೂರು ಮೇಲಾ? ಕೆಳಗಾ? ಹೇಳು, ಸರಿ ಮಾಡ್ತೀನಿ. ಬಾಯಿ ಬಿಟ್ಟು ಹೇಳಮ್ಮ, ಮೇಲಾ, ಕೆಳಗಾ?

ಇರು. ಇರು. ಸ್ವಲ್ಪ ಪಕ್ಕಕ್ಕೆ ನೋಡ್ತೀನಿ.

ಇಲ್ಲಿ ಏನೂ ಇಲ್ಲ.

ಬಿಳಿ ಹಾಳೆ. ಇದು ಚಾರ್ಟಿನ ಹಿಂಭಾಗ.

ಬೇಕಂತಲೇ ತಿರುಗಿಸಿ ಕೊಟ್ಯಾ, ಗೊತ್ತಿಲ್ದೆ ಕೊಟ್ಯಾ?... ಬೇಡ, ಹೇಳ್ಬೇಡ. ಈಗ ಹೇಳ್ಬೇಡ. ನನ್ನ ಕೈ ಬಿಡು, ಬೆವರಿದೆ.

ಮೂರು ವರ್ಷ ಆಯ್ತು. ಮೊದಲು ಎಡಗಣ್ಣು. ನೇರ ನೋಡಿದ ಕಡೆ ಒಂದು ಬೂದು ಮಚ್ಚೆ. ಕನ್ನಡಕ ಕೊಳೆಯಾಗಿದೆ ಅಂದ್ಕೊಂಡು ಒರೆಸ್ದೆ, ಒರೆಸ್ದೆ, ಒಂದು ವಾರ ಒರೆಸ್ದೆ. ಆಮೇಲೆ ಬಲಗಣ್ಣು. ಈಗ ನಿನ್ನ ಸುತ್ತ ಎಲ್ಲ ಇದೆ. ಬಾಗಿಲು ಇದೆ, ಪರದೆ ಇದೆ, ನಿನ್ನ ಭುಜ, ನಿನ್ನ ಜಡೆ, ನಿನ್ನ ಚೀಲ. ಮಧ್ಯದಲ್ಲಿ ಮುಖ ಇರೋ ಜಾಗದಲ್ಲಿ ಮಚ್ಚೆ. ನಾನು ಎತ್ತ ತಿರುಗಿದ್ರೂ ನನಗಿಂತ ಮೊದಲು ಹೋಗಿ ಅಲ್ಲಿ ನಿಂತಿರುತ್ತೆ. ಅದಕ್ಕೇ ನಿನ್ನ ಕಿವಿ ನೋಡೋದು ನಾನು. ಕಿವಿ ನೋಡಿದ್ರೆ ಮೂಗು ಒಂಚೂರು ಸಿಗುತ್ತೆ.

ಪಟ್ಟಣದ ಡಾಕ್ಟರಿಗೆ ತೋರಿಸ್ದೆ. ಮಧ್ಯ ಹೋಗುತ್ತೆ, ಅಂಚು ಉಳಿಯುತ್ತೆ ಅಂದ. ನಂಗೆ ನಗು ಬಂತು. ನಾನು ಜೀವನಪೂರ್ತಿ ಅಂಚಲ್ಲೇ ನೋಡಿದೋನು, ಮಧ್ಯ ಹೋದ್ರೆ ಹೋಗ್ಲಿ ಅಂದ್ಕೊಂಡೆ. ಸಾಕಾಗುತ್ತೆ ಅಂದ್ಕೊಂಡೆ ಕಣಮ್ಮ, ನಿನ್ನಾಣೆ. ಇಪ್ಪತ್ತೊಂದು ನಂಬರಿಗೆ ಸಾಕಾಯ್ತು. ಒಂದಕ್ಕೂ ತೊಂದರೆ ಆಗಿಲ್ಲ, ಬೇಕಾದ್ರೆ ಫೋಟೋ ತೆಗೆದು ಒಂದೊಂದೇ ನೋಡ್ಕೋ.

ಹದಿನಾಲ್ಕಕ್ಕೆ ಆಗ್ಲಿಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ, ಸ್ಕ್ರೀನಲ್ಲಿ ಸೌಟಿನ ಹಿಡಿ ಹುಡುಕಿ, ಅಲ್ಲಿಂದ ಲೆಕ್ಕ ಹಾಕಿ, ಒಂದು ಚುಕ್ಕೆ ಸಿಕ್ತು, ಅದನ್ನೇ ಸಂದಿಗೆ ತಳ್ಳಿದೆ. ಫೋಟೋ ಉಳಿಸೋಕೆ ಧೈರ್ಯ ಬರ್ಲಿಲ್ಲ. ನೀನು ಫೋನ್ ಮಾಡಿ, ಹದ್ದಣ್ಣಾ, ಗೆರೆ ಇಲ್ಲ, ಆರಿದೆ, ನಕ್ಷತ್ರ ಆರಿದೆ ಅಂತ ಕುಣಿದಾಡಿದೆ. ನಾನು, ಹೌದಾ, ಹಂಗೂ ಆಗುತ್ತಾ ಅಂದೆ. ಆಗಬಹುದು ಅಂತ ನಿಜವಾಗ್ಲೂ ನಂಬಿದ್ದೆ. ಎರಡು ಲಕ್ಷ ವರ್ಷದ ಹಿಂದಿಂದು, ಆರಿದ್ರೆ ಆರಿರಬಹುದು, ನಾನ್ಯಾರು ಕೇಳೋಕೆ?

ಹೋದ ಗುರುವಾರ ಗೊತ್ತಾಯ್ತು. ಆಕಾಶ ಅಂದ್ರೆ ಆಕಾಶ, ಒಂದು ಧೂಳಿಲ್ಲ. ಗಾಳಿ ನಿಂತಿತ್ತು. ಎಂದಿನ ಹಾಗೆ ಓರೆಯಾಗಿ ನೋಡ್ತಿದ್ದೆ. ಕತ್ತು ನೋವು ಬಂತು ಅಂತ ಸುಮ್ಮನೆ ಇನ್ನೊಂದು ಕಡೆಗೆ ತಿರುಗಿದೆ. ಅಂಚಲ್ಲಿ ಎರಡು ಚುಕ್ಕೆ ಬಂತು. ಎರಡು! ಅಕ್ಕ ತಂಗಿ ಥರ ಪಕ್ಕಪಕ್ಕ. ನಾನು ಎರಡು ವರ್ಷ ಹಿಡಿದಿದ್ದು ಎಡಗಡೆಯದು. ನಿನ್ನ ಹದಿನಾಲ್ಕು ಬಲಗಡೆಯದು. ಎಡಗಡೆ ಇರೋದು ಯಾರೋ ಒಂಟಿ ಮುದುಕ, ಅವನಿಗೆ ಪುಟಾಣೀನೂ ಇಲ್ಲ, ಗೆರೇನೂ ಇಲ್ಲ. ಮೊದಲಿಂದಲೂ ಇರ್ಲಿಲ್ಲ. ನಿನ್ನ ಹದಿನಾಲ್ಕು ಆರಿಲ್ಲಮ್ಮ. ಅದರ ಪಾಡಿಗೆ ಅದು ಉರೀತಾ ಕೂತಿದೆ.

ಒಂದೂವರೆ ಗಂಟೆ ಈ ಕುರ್ಚೀಲಿ ಕೂತಿದ್ದೆ. ಬಲಗಡೆಯದನ್ನ ಹಿಡಿದು ಕಳಿಸಿಬಿಡಬಹುದಿತ್ತು. ಗೆರೆ ಏಳ್ತಿತ್ತು. ನೀನು, ಹದ್ದಣ್ಣಾ, ಸತ್ತಿದ್ದು ಎದ್ದು ಕೂತಿದೆ ಅಂತ ಇನ್ನೊಂದು ಅಧ್ಯಾಯ ಬರೀತಿದ್ದೆ. ನಿಂಗೆ ಇನ್ನೂ ದೊಡ್ಡ ಚಪ್ಪಾಳೆ. ಎಡಗಡೆಯದನ್ನೇ ಮತ್ತೆ ಹಿಡಿದಿದ್ರೆ, ಆರಿದ್ದು ಆರಿದ ಹಾಗೇ ಇದೆ ಅಂತ ನೀನು ಸೋಮವಾರ ಥೀಸಿಸ್ ಕೊಡ್ತಿದ್ದೆ. ಎರಡಕ್ಕೂ ಕೈ ಬರ್ಲಿಲ್ಲ. ನಿಜ ಹೇಳೋಕೆ ಬಾಯೂ ಬರ್ಲಿಲ್ಲ. ಪೆನ್ನು ತಗೊಂಡೆ, ಮೋಡ ಅಂತ ಬರೆದೆ.

ನಂಗೆ ನಾಚಿಕೆ ಆಗುತ್ತೆ ಕಣಮ್ಮ. ಕಣ್ಣಿಗಲ್ಲ, ಕಣ್ಣು ಯಾರಿಗಾದ್ರೂ ಹೋಗುತ್ತೆ. ನೀನು ಫೋನಲ್ಲಿ ಕುಣಿದಾಡ್ತಿದ್ದಾಗ ನಾನು ಸುಮ್ಮನಿದ್ನಲ್ಲ, ಅದಕ್ಕೆ.

ಅಳ್ತಿದೀಯಾ? ಸದ್ದು ಮಾಡಿ ಅಳು. ಮೂಗು ಎಳ್ಕೊಳ್ಳೋದಾದ್ರೂ ಕೇಳಿಸ್ಲಿ ನಂಗೆ.

ಸರಿ. ಹಾಗಾದ್ರೆ ನಾನೇ ಹೇಳ್ತೀನಿ. ಇವತ್ತು ಗುರುವಾರ. ರಾತ್ರಿ ಟೈಮು ಯಾವುದೋ ಧೂಮಕೇತುವಿನ ಜನರದ್ದು, ಅವರಿಗೆ ನಾನು ಫೋನ್ ಮಾಡಿ ಬೇಡ್ಕೋತೀನಿ. ನಲವತ್ತು ನಿಮಿಷ ಕೊಡಲ್ಲ ಅನ್ನಲ್ಲ, ನಾನು ಅವರಿಗೂ ಹತ್ತು ವರ್ಷ ಹಿಡಿದುಕೊಟ್ಟಿದೀನಿ. ಈ ಕುರ್ಚೀಲಿ ನೀನು ಕೂರು. ಕಾಲು ಅಲ್ಲಾಡಲ್ಲ, ಹೇಳಿದೆನಲ್ಲ. ಬಲಗಡೆಯದನ್ನ ನೀನೇ ಹಿಡಿ, ಫೋಟೋ ಉಳಿಸು. ಐದನೇ ಅಧ್ಯಾಯ ಕಿತ್ತು ಹಾಕ್ಬೇಕಾಗುತ್ತೆ. ದೂರದ ಊರಿಗೆ ಹೋಗೋದು ಏನಾಗುತ್ತೋ ನಂಗೊತ್ತಿಲ್ಲ. ಆ ಕೆಲಸ ಏನಾಗುತ್ತೋ ಅದೂ ಗೊತ್ತಿಲ್ಲ. ನಿಮ್ಮ ಗೈಡಿನ ಹತ್ರ ನಾನೇ ಮಾತಾಡ್ತೀನಿ, ನಿನ್ನ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ ಅಂತ. ಮತ್ತೆ ಮೊದಲನೇ ಪುಟದ ಆ ಸಾಲು ಇದೆಯಲ್ಲ, ಅದನ್ನ ತೆಗಿ. ಈಗ ಯಾಕೆ ಅಂತ ಕೇಳಲ್ಲ ಅಲ್ವಾ.

ಲಾಗ್‌ಬುಕ್ ತಗೋ. ಹಸಿರು ರಟ್ಟಿಂದು, ನಿನ್ನ ಮೊಣಕೈ ಹತ್ರ ಇರಬೇಕು. ಪೆನ್ನು ಒಳಗೇ ಇದೆ. ಪೆನ್ನು ಸರಿಯಾಗೇ ಇದೆ.

ಇವತ್ತಿನ ತಾರೀಖು ಹಾಕು. ಬರ್ಕೋ. ‘ಹದಿನಾಲ್ಕನೇ ನಂಬರು. ಹಿಂದಿನ ಎರಡು ವರ್ಷ ಸ್ಲಿಟ್ಟಿಗೆ ಹಾಕಿದ್ದು ಅದರ ಎಡಪಕ್ಕದ ನಕ್ಷತ್ರ. ಆ ಎರಡು ವರ್ಷದ ಗ್ರಾಫ್ ಬಳಸಕೂಡದು.’ ಬಳಸಕೂಡದು ಅನ್ನೋದರ ಕೆಳಗೆ ಗೆರೆ ಎಳಿ. ಹೋದ ಗುರುವಾರದ್ದು ಹೊಡೆದು ಹಾಕು, ಒಂದೂ ನಲವತ್ತರಿಂದ ಮೂರೂ ಹತ್ತು. ಪಕ್ಕದಲ್ಲಿ ಬರಿ, ‘ಆಕಾಶ ಸ್ವಚ್ಛ.’ ಗಡಿಯಾರ ನೋಡಿ ಖುಷಿ ಪಡ್ಲಿ.

ಕೊನೇಲಿ ಕಾರಣ ಅಂತ ಒಂದು ಕಾಲಂ ಇದೆ. ಅಲ್ಲಿ ಮೋಡ ಅಂತ ಹಾಕ್ಬೇಡ. ಆಪರೇಟರ್ ಅಂತ ಹಾಕು. ಹದ್ದು ಅಂತಲ್ಲ, ಆಪರೇಟರ್ ಅಂತ. ಕೆಳಗೆ ಜಾಗ ಬಿಡು, ನಾನು ಸಹಿ ಹಾಕ್ತೀನಿ, ಎಲ್ಲಿ ಅಂತ ನನ್ನ ಬೆರಳು ಹಿಡಿದು ತೋರಿಸು.

ಪೆನ್ನಿನ ಸದ್ದು ನಿಲ್ತು. ಬರೆದ್ಯಾ?

ಹಾಗಾದ್ರೆ ಒಂದ್ಸಲ ಓದಿ ಹೇಳಮ್ಮ. ನಂಗೆ ಕಾಣಲ್ಲ.